ಅಂಟು, ಕೂಟ, ಹೆಪ್ಪು: ರಕ್ತದ ಕಿರುತಟ್ಟೆಗಳು ಗಾಯವನ್ನು ಹತ್ತಿಕೊಳ್ಳುವ ಕ್ರಮ

೧. ಉಪೋದ್ಘಾತ

ಗಾಯವಾದಾಗ ರಕ್ತವು ಹರಿಯುವುದೂ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ನಿಲ್ಲುವುದೂ ಎಲ್ಲರೂ ಕಂಡ ಸಂಗತಿಯೇ ಸರಿ. ಅದು ಹೇಗೆ ನಿಂತಿತು ಎಂದು ಕೇಳಿದರೆ ‘ಹೆಪ್ಪುಗಟ್ಟಿತು’ ಎಂಬ ಒಂದೇ ಉತ್ತರವು ಸಾಮಾನ್ಯವಾಗಿ ದೊರೆಯುವುದು. ಪಾಠಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಈ ಮಾತೇ ರೂಢವಾಗಿದೆ. ಆದರೆ ಶರೀರಶಾಸ್ತ್ರಜ್ಞರ ಇಂದಿನ ಮತದಂತೆ ರಕ್ತವು ನಿಲ್ಲುವ ವ್ಯಾಪಾರದಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ರಕ್ತದಲ್ಲಿ ತೇಲುತ್ತಿರುವ ಕಿರುತಟ್ಟೆಗಳು ಗಾಯದ ಬಾಯಿಗೆ ಅಂಟುವುದು ಮೊದಲನೆಯದು. ಅಂಟಿದವುಗಳ ಮೇಲೆ ಇನ್ನಷ್ಟು ಕಿರುತಟ್ಟೆಗಳು ಬಂದು ಒಂದರೊಡನೊಂದು ಕೂಡುವುದು ಎರಡನೆಯದು. ರಕ್ತದ ದ್ರವಭಾಗವು ಎಳೆಎಳೆಯಾಗಿ ಹೆಪ್ಪಾಗುವುದು ಮೂರನೆಯದು.

ಅಂಟು, ಕೂಟ, ಹೆಪ್ಪು ಎಂಬ ಮೂರು ಶಬ್ದಗಳು ಕನ್ನಡದಲ್ಲಿ ಮೊದಲಿನಿಂದಲೂ ಇದ್ದು, ಅವುಗಳ ಅರ್ಥಭೇದವನ್ನು ಮಕ್ಕಳೂ ಬಲ್ಲರು. ಹೀಗಿರಲು ಮೂರನ್ನೂ ಒಂದೇ ಮಾತಿನಲ್ಲಿ ಮುಚ್ಚಿಬಿಡುವುದು ಶಬ್ದದಾರಿದ್ರ್ಯದಿಂದ ಬಂದುದಲ್ಲ, ಅನವಧಾನದಿಂದ ಬಂದುದು. ಈ ಅನವಧಾನದಿಂದ ಭಾಷೆಗಿಂತ ರೋಗಿಗೆ ಹೆಚ್ಚಿನ ಹಾನಿಯುಂಟು. ಏಕೆಂದರೆ ಈ ಮೂರು ಕ್ರಿಯೆಗಳಲ್ಲಿ ಒಂದೊಂದು ಕೆಟ್ಟಾಗಲೂ ಒಂದೊಂದು ಬೇರೆ ರೋಗವು ಹುಟ್ಟುವುದು. ಇವುಗಳಲ್ಲಿ ಮೊದಲನೆಯದಾದ ಅಂಟಿನ ಸ್ವರೂಪವನ್ನು ವಿವರಿಸುವುದು ಈ ಲೇಖನದ ಮುಖ್ಯೋದ್ದೇಶ.

೨. ಪ್ರಾಚೀನರ ನಾಲ್ಕು ಉಪಾಯಗಳು

ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೪ನೆಯ ಅಧ್ಯಾಯವು ಶೋಣಿತವನ್ನು ಕುರಿತದ್ದು. ಅಲ್ಲಿ ಹರಿಯುವ ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳನ್ನು ಹೇಳಿದೆ. ಒಗರಾದ ದ್ರವ್ಯಗಳು ವ್ರಣವನ್ನು ಕೂಡಿಸುವುವೆಂದೂ, ಶೀತವು ರಕ್ತವನ್ನು ಗಟ್ಟಿಗೊಳಿಸುವುದೆಂದೂ, ಭಸ್ಮವು ಪಾಚನವನ್ನುಂಟುಮಾಡುವುದೆಂದೂ, ದಾಹವು ಸಿರೆಗಳನ್ನು ಸಂಕೋಚಗೊಳಿಸುವುದೆಂದೂ ಅಲ್ಲಿನ ವಿಭಾಗ. ಮೊದಲಿನ ಉಪಾಯಗಳು ಫಲಿಸದಿದ್ದಾಗ ಮಾತ್ರ ದಹನವನ್ನು ಮಾಡತಕ್ಕದ್ದು.

ಇಲ್ಲಿ ಸಂಧಾನವನ್ನೂ ಸ್ಕಂದನವನ್ನೂ ಬೇರ್ಪಡಿಸಿರುವುದು ಗಮನಾರ್ಹವಾದುದು. ಸಂಧಾನವೆಂದರೆ ಎರಡನ್ನು ಸೇರಿಸಿ ಇಡುವುದು. ಸ್ಕಂದ್ ಧಾತುವಿಗೆ ಗತಿ, ಶೋಷಣ ಎಂಬ ಎರಡರ್ಥಗಳನ್ನು ಧಾತುಪಾಠವು ಹೇಳುವುದು. ಹರಿಯುವುದೇ ಬತ್ತಿ ಗಟ್ಟಿಯಾಗುವುದೆಂಬ ಭಾವವು ಸ್ಕಂದನ ಶಬ್ದದಲ್ಲಿ ನೆಲೆಸಿದೆ. ಗಾಯದ ಮುಖವು ಕೂಡುವುದು ಒಂದು, ರಕ್ತವು ತಾನೇ ಗಟ್ಟಿಯಾಗುವುದು ಇನ್ನೊಂದು ಎಂಬ ವಿವೇಕವು ಆ ಶಸ್ತ್ರವೈದ್ಯರಿಗೆ ಕಣ್ಣಿನ ಅನುಭವದಿಂದಲೇ ಸಿದ್ಧಿಸಿದ್ದಿತು.

ಇಷ್ಟರಿಂದ ಕಿರುತಟ್ಟೆಗಳ ಜ್ಞಾನವನ್ನು ಪ್ರಾಚೀನರ ಮೇಲೆ ಆರೋಪಿಸುವುದು ಯುಕ್ತವಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅವು ಕಾಣತಕ್ಕವಲ್ಲ. ಶೀತದ ವಿಷಯದಲ್ಲಿಯೂ ಇಂದಿನ ನಿರ್ಣಯವು ಬೇರೆಯಾಗಿದೆ: ತಣ್ಣೀರು ರಕ್ತನಾಳವನ್ನು ಕುಗ್ಗಿಸಿ ಹರಿವನ್ನು ಕಡಿಮೆಮಾಡುವುದೇ ಹೊರತು ಹೆಪ್ಪಾಗುವ ಕ್ರಿಯೆಯನ್ನು ಬೇಗಮಾಡುವುದಿಲ್ಲ; ಶರೀರದ ಕಾವು ಇಳಿದಷ್ಟೂ ಆ ಕ್ರಿಯೆಯು ನಿಧಾನವಾಗುವುದು. ಪೂರ್ವಿಕರ ವಿಭಾಗವನ್ನು ಗೌರವಿಸಿ, ಅವರ ಕಾರಣವಿವರಣೆಯನ್ನು ಪರೀಕ್ಷಿಸಿ ಸ್ವೀಕರಿಸುವುದೇ ಶಾಸ್ತ್ರಮಾರ್ಗ.

೩. ಕಿರುತಟ್ಟೆ ಮತ್ತು ಆಧಾರಜಾಲ

ಜನರು ‘ಪ್ಲೇಟ್‌ಲೆಟ್’ ಎಂದು ಕರೆಯುವ ಕಿರುತಟ್ಟೆಯು ಪೂರ್ಣವಾದ ಜೀವಕೋಶವಲ್ಲ. ಅಸ್ಥಿಮಜ್ಜೆಯಲ್ಲಿರುವ ಬೃಹತ್ತಾದ ಒಂದು ಬಗೆಯ ಕೋಶವು ತನ್ನ ಅಂಚುಗಳನ್ನು ಚೂರುಚೂರಾಗಿ ರಕ್ತಕ್ಕೆ ಉದುರಿಸುವುದು. ಆ ಚೂರೇ ಕಿರುತಟ್ಟೆ. ಇದಕ್ಕೆ ಕೋಶಕೇಂದ್ರವಿಲ್ಲ. ಅಡ್ಡಳತೆಯು ಒಂದು ಮಿಲಿಮೀಟರನ್ನು ಸಾವಿರ ಪಾಲುಮಾಡಿದರೆ ಅದರಲ್ಲಿ ಎರಡು ಮೂರು ಪಾಲು ಮಾತ್ರ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೧,೫೦,೦೦೦ದಿಂದ ೪,೫೦,೦೦೦ದವರೆಗೆ ಇವು ಇರುವುವು. ಒಂದೊಂದರ ಆಯುಸ್ಸು ೭ರಿಂದ ೧೦ ದಿನ. ಇಟಲಿಯ ಜೂಲಿಯೊ ಬಿಜೊಜೆರೊ ಎಂಬ ವಿದ್ವಾಂಸನು ೧೮೮೨ರಲ್ಲಿ, ಜೀವಂತ ಪ್ರಾಣಿಯ ರಕ್ತನಾಳಕ್ಕೆ ಪೆಟ್ಟಾದಾಗ ಇವು ಆ ಸ್ಥಳಕ್ಕೆ ಹತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದನು. ೧೯೦೬ರಲ್ಲಿ ಅಮೆರಿಕೆಯ ಜೇಮ್ಸ್ ಹೋಮರ್ ರೈಟ್ ಎಂಬುವನು ಇವುಗಳ ಜನ್ಮಸ್ಥಾನವನ್ನು ಗುರುತಿಸಿದನು.

ಇವು ಅಂಟುವುದು ಯಾವುದಕ್ಕೆ? ರಕ್ತನಾಳದ ಒಳಮೈಗೆ ಒಂದೇ ಪದರದ ನಯವಾದ ಕೋಶಗಳ ಹೊದಿಕೆಯುಂಟು. ಅದರ ಹಿಂದೆ, ಕೋಶಗಳ ಹೊರಗೆ, ಪ್ರೋಟೀನುಗಳ ಎಳೆಗಳಿಂದ ಹೆಣೆದ ಒಂದು ಜಾಲವಿದ್ದು, ಅದು ನಾಳಕ್ಕೆ ಬಲವನ್ನೂ ಆಕಾರವನ್ನೂ ಕೊಡುವುದು. ಇದನ್ನು ಕೋಶಬಾಹ್ಯವಾದ ಆಧಾರಜಾಲವೆನ್ನಬಹುದು. ಅದರ ಮುಖ್ಯ ಪ್ರೋಟೀನು ಕೊಲ್ಯಾಜೆನ್. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ಚರ್ಮ ಮೂಳೆಗಳನ್ನು ಕುದಿಸಿ ಸರೇಸನ್ನು ತೆಗೆಯುವುದು ಈ ವಸ್ತುವಿನಿಂದಲೇ ಆದಕಾರಣ ಅದಕ್ಕೆ ‘ಅಂಟುಜನಕ’ವೆಂಬ ಹೆಸರು ಬಂದಿತು. ಇದಲ್ಲದೆ ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮೊದಲಾದವೂ ಜಾಲದಲ್ಲಿರುವುವು. ನಾಳವು ಅಖಂಡವಾಗಿರುವವರೆಗೆ ರಕ್ತಕ್ಕೆ ಈ ಜಾಲದ ದರ್ಶನವೇ ಇಲ್ಲ. ಒಳಹೊದಿಕೆಯು ಹರಿದೊಡನೆ ಜಾಲವು ಬಯಲಾಗುವುದು. ಅದು ಬಯಲಾದುದೇ ಕಿರುತಟ್ಟೆಗಳಿಗೆ ಗಾಯದ ಸೂಚನೆ.

೪. ಕೆರೆಯ ನೀರು, ನಾಲೆಯ ನೀರು

ಅಂಟುವುದೆಂಬುದು ನಿಂತ ದ್ರವದಲ್ಲಿ ಸುಲಭ, ಹರಿಯುವ ದ್ರವದಲ್ಲಿ ಕಷ್ಟ. ಇದನ್ನು ತಿಳಿಯಲು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೀರಿನ ನಡೆಯನ್ನು ನೆನೆದರೆ ಸಾಕು. ನಾಗಮಂಗಲದ ಬಯಲಿನಲ್ಲಿ ಮಳೆಯ ನೀರು ಕೆರೆಗಳಲ್ಲಿ ನಿಲ್ಲುವುದು. ಪಾಂಡವಪುರದ ತೊಣ್ಣೂರು ಕೆರೆಯ ನೀರು ಬೆಟ್ಟಗಳ ನಡುವೆ ಏರಿಗೆ ಒರಗಿ ಶಾಂತವಾಗಿರುವುದು. ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿ ಹೇಮಾವತಿಯು ಅಣೆಕಟ್ಟನ್ನು ಹಾರಿ ಬಂಡೆಗಳ ನಡುವೆ ಇಳಿಯುವುದು. ಶ್ರೀರಂಗಪಟ್ಟಣದಲ್ಲಿ ಕಾವೇರಿಯು ಕವಲಾಗಿ ದ್ವೀಪವನ್ನು ಸುತ್ತುವುದಲ್ಲದೆ, ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ ನಾಲೆಗಳಲ್ಲಿ ಇಕ್ಕಟ್ಟಾದ ದಡಗಳ ನಡುವೆ ಸಾಗುವುದು.

ನಿಂತ ನೀರಿನ ಕೆರೆಯ ಏರಿಯಲ್ಲಿ ಸಣ್ಣ ಬಿರುಕು ಬಿಟ್ಟರೆ ಜೇಡಿಮಣ್ಣನ್ನು ಮೆತ್ತಿದರೂ ಅದು ಕಚ್ಚಿಕೊಳ್ಳುವುದು. ತುಂಬಿ ಹರಿಯುವ ನಾಲೆಯ ದಡಕ್ಕೆ ಗಂಡಿ ಬಿದ್ದಾಗ ಅದೇ ಮಣ್ಣನ್ನು ಎಷ್ಟು ಸುರಿದರೂ ನೀರು ಸೆಳೆದುಕೊಂಡು ಹೋಗುವುದು. ಆಗ ಮೊದಲು ಗೂಟಗಳನ್ನು ನೆಟ್ಟು, ಹಗ್ಗಗಳನ್ನು ಬಿಗಿದು, ಮುಳ್ಳುಕಂಪೆಯನ್ನು ಸಿಕ್ಕಿಸಿ, ಅದರ ಆಸರೆಯ ಮೇಲೆ ಮರಳಿನ ಮೂಟೆಗಳನ್ನು ಒಟ್ಟಬೇಕು. ಶರೀರದಲ್ಲಿಯೂ ಕ್ರಮವು ಹೀಗೆಯೇ ಇದೆ. ರಕ್ತವು ನಿಧಾನವಾಗಿ ಹರಿಯುವ ದೊಡ್ಡ ಸಿರೆಗಳಲ್ಲಿ ಕಿರುತಟ್ಟೆಗಳು ಆಧಾರಜಾಲದ ಪ್ರೋಟೀನುಗಳನ್ನು ನೇರವಾಗಿಯೇ ಹಿಡಿಯಬಲ್ಲವು. ಕಿರಿದಾದ ಧಮನಿಗಳಲ್ಲಿ ನಾಳದ ಗೋಡೆಯ ಬಳಿ ಪದರಪದರಗಳ ವೇಗಭೇದವು ಬಹಳವಾಗಿ, ಉಜ್ಜುವ ಬಲವು ಹೆಚ್ಚುವುದು. ಅಲ್ಲಿ ಹಗ್ಗವಿಲ್ಲದೆ ಅಂಟು ನಿಲ್ಲದು.

ಆ ಹಗ್ಗವೇ ವಾನ್ ವಿಲೆಬ್ರಾಂಡ್ ಅಂಶವೆಂಬ ಪ್ರೋಟೀನು. ಇದು ಒಂದರ ಬಾಲಕ್ಕೆ ಒಂದು ಕಟ್ಟಿದಂತೆ ಸರಣಿಯಾಗಿ ಬೆಳೆದು ಬಹು ಉದ್ದವಾಗಿರುವುದು. ಸಾಮಾನ್ಯ ಕಾಲದಲ್ಲಿ ಉಂಡೆಯಂತೆ ಸುತ್ತಿಕೊಂಡು ರಕ್ತದಲ್ಲಿ ತೇಲುವುದು. ಗಾಯದಲ್ಲಿ ಬಯಲಾದ ಕೊಲ್ಯಾಜೆನ್ನಿಗೆ ಅದರ ಒಂದು ಭಾಗವು ಕಚ್ಚಿಕೊಂಡಾಗ, ಹರಿವಿನ ಸೆಳೆತದಿಂದಲೇ ಉಂಡೆಯು ಬಿಚ್ಚಿ ದಾರದಂತೆ ನೀಳವಾಗುವುದು. ಅದುವರೆಗೆ ಮಡಿಕೆಯಲ್ಲಿ ಅಡಗಿದ್ದ, ಕಿರುತಟ್ಟೆಯನ್ನು ಹಿಡಿಯತಕ್ಕ ಭಾಗವು ಹೊರಕ್ಕೆ ಬರುವುದು. ಸೆಳವು ಹೆಚ್ಚಿದಷ್ಟೂ ಈ ಹಗ್ಗದ ಉಪಯೋಗವು ಹೆಚ್ಚುವುದು. ತೊಂದರೆಯೇ ಉಪಾಯವನ್ನು ಬಿಚ್ಚಿಕೊಡುವ ಈ ಏರ್ಪಾಡು ಆಶ್ಚರ್ಯಕರವಾದುದು.

ಇದಕ್ಕೆ ಕೆಂಪು ಕಣಗಳ ಸಹಾಯವೂ ಉಂಟು. ದೊಡ್ಡವಾದ ಅವು ನಾಳದ ನಡುವೆ ಸಾಗುತ್ತ, ಚಿಕ್ಕವಾದ ಕಿರುತಟ್ಟೆಗಳನ್ನು ಅಂಚಿಗೆ ತಳ್ಳುವುವು. ಕಾವಲುಗಾರರು ಹೀಗೆ ಯಾವಾಗಲೂ ಗೋಡೆಯ ಪಕ್ಕದಲ್ಲಿಯೇ ನಡೆಯುವಂತಾಗಿದೆ.

೫. ಗ್ರಾಹಕಗಳ ಕಾರ್ಯವಿಭಾಗ

ಕಿರುತಟ್ಟೆಯ ಹೊರಮೈಯಲ್ಲಿ ನಾನಾ ಬಗೆಯ ಪ್ರೋಟೀನುಗಳು ಕೈಗಳಂತೆ ಚಾಚಿಕೊಂಡಿರುವುವು. ಒಂದೊಂದು ಕೈಯೂ ತನಗೆ ಒಪ್ಪುವ ವಸ್ತುವನ್ನು ಮಾತ್ರ ಗ್ರಹಿಸುವುದರಿಂದ ಇವಕ್ಕೆ ಗ್ರಾಹಕಗಳೆಂದು ಹೆಸರು. ಅಂಟಿನ ಕಾರ್ಯದಲ್ಲಿ ನಾಲ್ಕು ಗ್ರಾಹಕಗಳು ಮುಖ್ಯವಾದುವು.

ಮೊದಲನೆಯದು ಗ್ಲೈಕೋಪ್ರೋಟೀನ್ ಒಂದು-ಬಿ. ಒಂದು ಕಿರುತಟ್ಟೆಯ ಮೇಲೆ ಇದು ಸುಮಾರು ೨೫,೦೦೦ದಷ್ಟಿರುವುದು. ಮೇಲೆ ಹೇಳಿದ ಹಗ್ಗವನ್ನು ಹಿಡಿಯುವ ಕೈಯಿದು. ಇದರ ಹಿಡಿತವು ಕ್ಷಣದಲ್ಲಿ ಉಂಟಾಗಿ ಕ್ಷಣದಲ್ಲಿಯೇ ಬಿಡುವುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಿರುತಟ್ಟೆಯು ಗೋಡೆಯ ಮೇಲೆ ಉರುಳುತ್ತ ನಿಧಾನವಾಗುವುದು. ಈ ಗ್ರಾಹಕದ ಕೆಲಸ ನಿಲ್ಲಿಸುವುದಲ್ಲ, ವೇಗವನ್ನು ಕುಗ್ಗಿಸುವುದು.

ಎರಡನೆಯದು ಗ್ಲೈಕೋಪ್ರೋಟೀನ್ ಆರು. ನಿಧಾನವಾದ ಕಿರುತಟ್ಟೆಯು ಕೊಲ್ಯಾಜೆನ್ನನ್ನು ಮುಟ್ಟಿನೋಡುವುದು ಇದರಿಂದ. ಮುಟ್ಟಿದೊಡನೆ ಗಾಯವಾಗಿದೆಯೆಂಬ ಸುದ್ದಿಯನ್ನು ಇದು ಕಿರುತಟ್ಟೆಯ ಒಳಕ್ಕೆ ಕಳುಹಿಸುವುದು. ಒಳಗೆ ಕ್ಯಾಲ್ಸಿಯಂ ಏರುವುದು. ತಟ್ಟೆಯಾಕಾರವು ಅಳಿದು ಮುಳ್ಳುಮುಳ್ಳಾದ ಗುಂಡಾಗುವುದು. ಬಳಿಕ ಕಾವಲಿಯ ಮೇಲೆ ಹುಯ್ದ ದೋಸೆಯ ಹಿಟ್ಟಿನಂತೆ ಗಾಯದ ಮೇಲೆ ಹರಡಿಕೊಳ್ಳುವುದು. ಒಳಗಿನ ಸಂಚಿಗಳು ಬಿಚ್ಚಿ, ಹಾದುಹೋಗುವ ಬೇರೆ ಕಿರುತಟ್ಟೆಗಳನ್ನು ಎಚ್ಚರಿಸುವ ದ್ರವ್ಯಗಳು ಹೊರಬೀಳುವುವು.

ಮೂರನೆಯ ಹಾಗೂ ನಾಲ್ಕನೆಯ ಗ್ರಾಹಕಗಳು ಇಂಟಿಗ್ರಿನ್ ಎಂಬ ಕುಲಕ್ಕೆ ಸೇರಿದವು. ಆಲ್ಫಾ-ಎರಡು-ಬೀಟಾ-ಒಂದು ಎಂಬುದು ಕೊಲ್ಯಾಜೆನ್ನನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವುದು. ಆಲ್ಫಾ-ಎರಡು-ಬಿ-ಬೀಟಾ-ಮೂರು ಎಂಬುದು ಎಲ್ಲಕ್ಕಿಂತ ಅಧಿಕಸಂಖ್ಯೆಯುಳ್ಳದ್ದು; ಒಂದು ಕಿರುತಟ್ಟೆಯ ಮೇಲೆ ಸುಮಾರು ೮೦,೦೦೦. ಇದು ಸಾಮಾನ್ಯಕಾಲದಲ್ಲಿ ಬಾಗಿ ಮುಚ್ಚಿಕೊಂಡಿರುವುದು. ಒಳಗಿನಿಂದ ಅಪ್ಪಣೆಯಾದರೆ ಮಾತ್ರ ನೆಟ್ಟಗೆ ನಿಂತು ಕೈದೆರೆಯುವುದು. ತೆರೆದಾಗ ಹಗ್ಗದ ಇನ್ನೊಂದು ಭಾಗವನ್ನು ಹಿಡಿದು ಅಂಟನ್ನು ಸ್ಥಿರಪಡಿಸುವುದಲ್ಲದೆ, ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನೂ ಹಿಡಿಯುವುದು. ಫೈಬ್ರಿನೋಜೆನ್ನಿಗೆ ಎರಡು ತುದಿಗಳಿರುವುದರಿಂದ ಒಂದನ್ನು ಒಂದು ಕಿರುತಟ್ಟೆಯೂ ಇನ್ನೊಂದನ್ನು ಮತ್ತೊಂದು ಕಿರುತಟ್ಟೆಯೂ ಹಿಡಿದು ಸಾಲುಗಟ್ಟುವುವು. ಅಂಟು ಮುಗಿದು ಕೂಟವು ಮೊದಲಾಗುವ ಸಂಧಿಸ್ಥಾನವು ಇದೇ. ಮುಂದೆ ಅದೇ ಫೈಬ್ರಿನೋಜೆನ್ ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು ಕೂಟವನ್ನು ಬಲೆಯಂತೆ ಬಿಗಿಯುವುದು, ಅದು ಹೆಪ್ಪು.

ಇನ್ನು ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮೊದಲಾದ ಪ್ರೋಟೀನುಗಳಿಗೂ ಪ್ರತ್ಯೇಕ ಗ್ರಾಹಕಗಳುಂಟು. ಅವು ಸಂಖ್ಯೆಯಲ್ಲಿ ಅಲ್ಪ, ಕಾರ್ಯದಲ್ಲಿ ಸಹಾಯಕ.

೬. ಒಂದು ಶಂಕೆ, ಅದರ ಸಮಾಧಾನ

ಕಿರುತಟ್ಟೆಗಳಿಗೆ ಇಷ್ಟು ಕೈಗಳಿರುವಾಗ ಅವು ಆರೋಗ್ಯವಂತನ ನಾಳಗಳಲ್ಲಿಯೂ ಅಂಟಿ ರಕ್ತವನ್ನು ಏಕೆ ತಡೆಯುವುದಿಲ್ಲವೆಂದು ಶಂಕೆ ಹುಟ್ಟಬಹುದು. ಸಮಾಧಾನವು ಮೂರು ವಿಧ. ಜಾಲವು ಒಳಹೊದಿಕೆಯ ಹಿಂದೆ ಮರೆಯಾಗಿದೆ. ಹಗ್ಗವು ಸುರುಳಿಯಲ್ಲಿಯೂ, ಮುಖ್ಯ ಗ್ರಾಹಕವು ಬಾಗಿಯೂ ಇವೆ. ಮತ್ತು ಒಳಹೊದಿಕೆಯ ಕೋಶಗಳು ಪ್ರಾಸ್ಟಾಸೈಕ್ಲಿನ್, ನೈಟ್ರಿಕ್ ಆಕ್ಸೈಡ್ ಎಂಬ ದ್ರವ್ಯಗಳನ್ನು ಸದಾ ಸೂಸುತ್ತ ಕಿರುತಟ್ಟೆಗಳನ್ನು ಶಾಂತವಾಗಿಡುವುವು. ಅತಿ ಉದ್ದವಾದ ಹಗ್ಗಗಳನ್ನು ಕತ್ತರಿಸುವ ಪ್ರೋಟೀನೊಂದು ರಕ್ತದಲ್ಲಿಯೇ ಇದೆ.

ಈ ಕಟ್ಟುಗಳು ತಪ್ಪಿದರೆ ರಕ್ಷಕನೇ ಭಕ್ಷಕನಾಗುವನು. ಹೃದಯದ ಧಮನಿಯೊಳಗೆ ಬೆಳೆದ ಕೊಬ್ಬಿನ ಗಡ್ಡೆಯು ಬಿರಿದಾಗ ಅದರ ಕೊಲ್ಯಾಜೆನ್ ಬಯಲಾಗುವುದು. ಕಿರುತಟ್ಟೆಗಳು ಅದನ್ನು ಗಾಯವೆಂದೇ ತಿಳಿದು ಅಂಟಿ, ಕೂಡಿ, ಧಮನಿಯನ್ನು ಮುಚ್ಚುವುವು. ಹೃದಯಾಘಾತವಾದವರಿಗೆ ವೈದ್ಯರು ಆಸ್ಪಿರಿನ್ ಕೊಡುವುದು ಇದಕ್ಕಾಗಿ. ಅದು ಕಿರುತಟ್ಟೆಗಳು ಒಂದನ್ನೊಂದು ಕರೆಯುವ ಕೂಗನ್ನು ಅಡಗಿಸುವುದು. ಕಿರುತಟ್ಟೆಗೆ ಕೋಶಕೇಂದ್ರವಿಲ್ಲದ ಕಾರಣ ಕೆಟ್ಟ ಪ್ರೋಟೀನನ್ನು ಹೊಸದಾಗಿ ಮಾಡಿಕೊಳ್ಳಲಾರದು. ಒಮ್ಮೆ ತಗಲಿದ ಆಸ್ಪಿರಿನ್ನಿನ ಗುಣವು ಅದರ ಆಯುಸ್ಸು ಮುಗಿಯುವವರೆಗೂ ಬಿಡದು.

೭. ಅಂಟದ ರಕ್ತ, ಕೂಡದ ರಕ್ತ

೧೯೨೪ರಲ್ಲಿ ಫಿನ್ಲೆಂಡಿನ ವೈದ್ಯನಾದ ಎರಿಕ್ ವಾನ್ ವಿಲೆಬ್ರಾಂಡನ ಬಳಿಗೆ ಆಲಂಡ್ ದ್ವೀಪಸಮೂಹದಿಂದ ೫ ವರ್ಷದ ಒಬ್ಬ ಬಾಲಿಕೆಯನ್ನು ಕರೆತಂದರು. ಅವಳ ಮನೆತನದಲ್ಲಿ ಮಕ್ಕಳು ರಕ್ತ ಸೋರಿಯೇ ಸತ್ತಿದ್ದರು. ಅವಳ ಕಿರುತಟ್ಟೆಗಳ ಲೆಕ್ಕವು ಸರಿಯಾಗಿಯೇ ಇದ್ದಿತು. ಆದರೂ ಸಣ್ಣ ಗಾಯದ ರಕ್ತವು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಅವನು ೧೯೨೬ರಲ್ಲಿ ಈ ರೋಗವನ್ನು ವರ್ಣಿಸಿ ಪ್ರಕಟಿಸಿದನು. ಆ ಬಾಲಿಕೆಯು ಹರೆಯಕ್ಕೆ ಕಾಲಿಟ್ಟ ಸ್ವಲ್ಪ ಕಾಲದಲ್ಲಿಯೇ ಋತುಸ್ರಾವವು ನಿಲ್ಲದೆ ತೀರಿಕೊಂಡಳು. ದೋಷವು ಕಿರುತಟ್ಟೆಯಲ್ಲಿಲ್ಲ, ಅದು ಹಿಡಿಯಬೇಕಾದ ಹಗ್ಗದಲ್ಲಿದೆ ಎಂಬುದು ಬಹಳ ವರ್ಷಗಳ ಮೇಲೆ ನಿಶ್ಚಯವಾಯಿತು.

ಹಗ್ಗವು ಸರಿಯಾಗಿದ್ದು ಹಿಡಿಯುವ ಕೈಯೇ ಇಲ್ಲದ ರೋಗವನ್ನು ಫ್ರಾನ್ಸಿನ ಬರ್ನಾರ್ ಮತ್ತು ಸೂಲಿಯೆ ಎಂಬ ವೈದ್ಯರು ೧೯೪೮ರಲ್ಲಿ ವರ್ಣಿಸಿದರು. ಇಲ್ಲಿ ಕಿರುತಟ್ಟೆಗಳು ದೊಡ್ಡವಾಗಿಯೂ ಕಡಿಮೆಯಾಗಿಯೂ ಇರುವುವು. ಇವೆರಡೂ ಅಂಟಿನ ದೋಷಗಳು. ಅದಕ್ಕೆ ಮೊದಲೇ ೧೯೧೮ರಲ್ಲಿ ಸ್ವಿಟ್ಜರ್ಲೆಂಡಿನ ಗ್ಲಾನ್ಸ್‌ಮನ್ ಎಂಬುವನು ಹೇಳಿದ ರೋಗವು ಕೂಟದ ದೋಷ. ಅಲ್ಲಿ ಕಿರುತಟ್ಟೆಗಳು ಬೇಕಾದಷ್ಟಿವೆ, ಗಾಯಕ್ಕೆ ಅಂಟುವುವು; ಆದರೆ ನಾಲ್ಕನೆಯ ಗ್ರಾಹಕವಿಲ್ಲದೆ ಒಂದರೊಡನೊಂದು ಕೂಡಲಾರವು. ಹಿಮೋಫಿಲಿಯಾ ಎಂಬುದು ಹೆಪ್ಪಿನ ದೋಷ. ಲಕ್ಷಣಗಳಲ್ಲಿಯೂ ಭೇದವುಂಟು: ಅಂಟು ಕೂಟಗಳ ದೋಷದಲ್ಲಿ ಮೂಗು, ವಸಡು, ಗರ್ಭಾಶಯ, ಚರ್ಮಗಳಿಂದ ಗಾಯವಾದೊಡನೆಯೇ ರಕ್ತವು ಸೋರುವುದು, ಹೆಪ್ಪಿನ ದೋಷದಲ್ಲಿ ಮೊದಲು ನಿಂತಂತಾಗಿ, ಅನಂತರ ಕೀಲು ಮಾಂಸಗಳೊಳಗೆ ರಕ್ತವು ತುಂಬುವುದು.

ಗ್ಲಾನ್ಸ್‌ಮನ್ನನ ರೋಗವು ಈ ನಾಡಿಗೆ ದೂರದ್ದಲ್ಲ. ದಕ್ಷಿಣ ಭಾರತದ ೪೨ ರೋಗಿಗಳನ್ನು ಕುರಿತ ವೈದ್ಯರ ವರದಿಯೊಂದು ೧೯೮೧ರಲ್ಲಿಯೇ ಹೊರಬಂದಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯು ಬಂದಾಗ ಮಾತ್ರ ಈ ರೋಗವು ಹುಟ್ಟುವುದು. ಇಬ್ಬರೂ ಒಂದೊಂದು ಕೆಟ್ಟ ಪ್ರತಿಯುಳ್ಳವರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಸಂಭವ. ಹಳೆಯ ಮೈಸೂರಿನ ಸೀಮೆಯಲ್ಲಿ ಸೋದರಮಾವನು ಅಕ್ಕನ ಮಗಳನ್ನು ವರಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದುದು. ಇಂಥ ವಿವಾಹದ ಮಗುವಿನಲ್ಲಿ ಒಂದು ಆನುವಂಶಿಕ ಗುಣದ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವವು ಎಂಟರಲ್ಲೊಂದು. ಅತ್ತೆಯ ಮಗಳು, ಮಾವನ ಮಗಳನ್ನು ವರಿಸಿದಲ್ಲಿ ಹದಿನಾರರಲ್ಲೊಂದು. ಹೆಚ್ಚಿನ ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುವರು. ಆದರೂ ಮನೆತನದಲ್ಲಿ ರಕ್ತ ನಿಲ್ಲದ ಮಗುವೊಂದು ಇದ್ದಲ್ಲಿ ಈ ಲೆಕ್ಕವನ್ನು ಸಂಬಂಧ ಬೆಳೆಸುವ ಮೊದಲೇ ನೋಡಬೇಕಾದುದು ವಿವೇಕ.

ಇನ್ನೊಂದು ಭ್ರಾಂತಿಯು ಡೆಂಗಿ ಜ್ವರದ ಕಾಲದಲ್ಲಿ ಹಬ್ಬಿದೆ. ಆಗ ಊರೂರಲ್ಲಿಯೂ ಕಿರುತಟ್ಟೆಗಳ ಸಂಖ್ಯೆಯೊಂದೇ ಮಾತಿಗೆ ವಿಷಯವಾಗಿ, ಸಂಖ್ಯೆಯೇ ರಕ್ಷೆಯೆಂಬ ನಂಬಿಕೆ ಬೆಳೆಯಿತು. ಸಂಖ್ಯೆಯು ಮುಖ್ಯವೇ. ಆದರೆ ಮೇಲೆ ಹೇಳಿದ ರೋಗಗಳಲ್ಲಿ ಹಲವೆಡೆ ಸಂಖ್ಯೆಯು ಪೂರ್ಣವಾಗಿದ್ದೂ ಗುಣವು ಶೂನ್ಯವಾಗಿರುವುದು. ಎಣಿಕೆಯ ಕಾಗದದಲ್ಲಿ ‘ಸರಿಯಾಗಿದೆ’ ಎಂದು ಬಂದಿತೆಂದು ಅಂಥ ಮಗುವನ್ನು ಮನೆಗೆ ಕಳುಹಿಸಿಬಿಟ್ಟರೆ ದೋಷವು ಗೂಢವಾಗಿಯೇ ಉಳಿಯುವುದು.

೮. ಮಂಡಲದ ಹಾವಿನ ಸಾಕ್ಷ್ಯ

ಅಂಟು, ಕೂಟ, ಹೆಪ್ಪುಗಳು ಬೇರೆ ಬೇರೆ ಎಂಬುದಕ್ಕೆ ಹಾವಿನ ವಿಷವೂ ಸಾಕ್ಷಿ ನುಡಿಯುವುದು. ಗದ್ದೆ, ಕಬ್ಬಿನ ತೋಟಗಳಲ್ಲಿ ರೈತರು ಹೆದರುವ ಕೊಳಕುಮಂಡಲದ ವಿಷವು ಹೆಪ್ಪಿನ ಕ್ರಿಯೆಯನ್ನು ಮಿತಿಮೀರಿ ಎಬ್ಬಿಸಿ, ಫೈಬ್ರಿನೋಜೆನ್ನನ್ನೆಲ್ಲ ವ್ಯಯಮಾಡಿಬಿಡುವುದು. ಬಳಿಕ ರಕ್ತವು ಹೆಪ್ಪಾಗಲಾರದು. ಶುಭ್ರವಾದ ಗಾಜಿನ ನಳಿಕೆಯಲ್ಲಿ ರಕ್ತವನ್ನು ೨೦ ನಿಮಿಷ ಅಲುಗಿಸದೆ ಇಟ್ಟು ವೈದ್ಯರು ಇದನ್ನು ಪರೀಕ್ಷಿಸುವರು. ಇದೇ ವಿಷವನ್ನು ಬಹಳ ತೆಳುವಾಗಿಸಿ ಹಿಮೋಫಿಲಿಯಾ ರೋಗಿಯ ಗಾಯಕ್ಕೆ ಹಚ್ಚಿ ರಕ್ತವನ್ನು ನಿಲ್ಲಿಸಬಹುದೆಂದು ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಎಂಬುವರು ೧೯೩೪ರಲ್ಲಿ ತಿಳಿಸಿದರು.

ಒಣನೆಲದಲ್ಲಿ ವಾಸಿಸುವ ಗರಗಸಮಂಡಲದ ವಿಷದ ಒಂದಂಶವಾದರೋ ಕಿರುತಟ್ಟೆಯ ನಾಲ್ಕನೆಯ ಗ್ರಾಹಕವನ್ನೇ ಮುಚ್ಚುವುದು. ಆ ಗ್ರಾಹಕವು ಗುರುತಿಸುವ ಮೂರು ಅಮೈನೋ ಆಮ್ಲಗಳ ಕಿರುಪದವನ್ನು ಈ ವಿಷವು ತನ್ನ ನಾಲಗೆಯ ತುದಿಯಲ್ಲಿಟ್ಟುಕೊಂಡಂತೆ ಹೊತ್ತಿರುವುದು. ಗ್ರಾಹಕವು ಮೋಸಹೋಗಿ ಫೈಬ್ರಿನೋಜೆನ್ನನ್ನು ಬಿಟ್ಟು ಇದನ್ನು ಹಿಡಿಯುವುದು. ಇದರ ಮಾದರಿಯ ಮೇಲೆಯೇ ಟೈರೋಫೈಬಾನ್ ಎಂಬ ಹೃದ್ರೋಗದ ಔಷಧವನ್ನು ರಚಿಸಿದ್ದಾರೆ. ಶ್ರೀರಂಗಪಟ್ಟಣಕ್ಕೆ ಸಮೀಪದ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಹಾವಿನ ವಿಷಗಳನ್ನೂ ಕಿರುತಟ್ಟೆಗಳನ್ನೂ ಕುರಿತ ಸಂಶೋಧನೆಯು ಅನೇಕ ವರ್ಷಗಳಿಂದ ನಡೆದುಬಂದಿದೆ. ಹಾವಿನ ಕಡಿತಕ್ಕೆ ಆಸ್ಪತ್ರೆಯ ಪ್ರತಿವಿಷವೇ ಮದ್ದೆಂಬುದನ್ನು ಇಲ್ಲಿ ಹೇಳದಿರುವುದು ತಪ್ಪಾದೀತು.

೯. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಶಬ್ದಗಳನ್ನು ನಿಯತಾರ್ಥದಲ್ಲಿ ಬಳಸಬೇಕೆಂಬುದು ಸಿದ್ಧಿಸುವುದು. ಕಿರುತಟ್ಟೆಯು ಆಧಾರಜಾಲವನ್ನು ಹಿಡಿಯುವುದು ಅಂಟು. ಸಂಸ್ಕೃತದಲ್ಲಿ ಇದನ್ನು ಆಸಂಜನವೆನ್ನಬಹುದು. ಕಿರುತಟ್ಟೆಯು ಕಿರುತಟ್ಟೆಯನ್ನು ಹಿಡಿಯುವುದು ಕೂಟ, ಇದು ಸಂಘಾತ. ದ್ರವವು ಎಳೆಗಟ್ಟಿ ಗಟ್ಟಿಯಾಗುವುದು ಹೆಪ್ಪು. ಸುಶ್ರುತನ ಸ್ಕಂದನ ಶಬ್ದವು ಇದಕ್ಕೆ ಸಲ್ಲುವುದು. ಪಾಠ ಹೇಳುವಾಗ ದೇಶ್ಯಶಬ್ದಗಳೇ ಮೇಲು. ಹಾಲಿಗೆ 'ಹೆಪ್ಪು', ಗೋಡೆಗೆ 'ಅಂಟು' ಎಂಬ ಬಳಕೆಯು ಪ್ರತಿ ಮನೆಯಲ್ಲಿಯೂ ಜೀವಂತವಾಗಿದೆ.

ಶಬ್ದವು ಬೇರೆಯಾದರೆ ಪ್ರಶ್ನೆಯೂ ಬೇರೆಯಾಗುವುದು. ತರಗತಿಯಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಮೂಗಿನಿಂದ ರಕ್ತ ಸುರಿದರೆ, ಮೈಮೇಲೆ ಕಾರಣವಿಲ್ಲದೆ ನೀಲಿಯ ಕಲೆಗಳು ಕಂಡರೆ, ಅಥವಾ ಹೆಣ್ಣುಮಗಳೊಬ್ಬಳು ತಿಂಗಳು ತಿಂಗಳೂ ಅನೇಕ ದಿನ ಶಾಲೆಗೆ ಬಾರದಿದ್ದರೆ, ‘ಇದರ ರಕ್ತ ಹೆಪ್ಪುಗಟ್ಟುವುದೇ’ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ‘ಅಂಟುವುದೇ, ಕೂಡುವುದೇ’ ಎಂದೂ ಕೇಳಬೇಕು. ಉಪಾಧ್ಯಾಯರು ಆ ಎರಡು ಪ್ರಶ್ನೆಗಳನ್ನು ಬಲ್ಲವರಾದರೆ, ತಂದೆತಾಯಿಗಳು ಅವನ್ನು ವೈದ್ಯರ ಮುಂದಿಡುವರು. ಆಲಂಡ್ ದ್ವೀಪದ ಆ ಬಾಲಿಕೆಯ ಗತಿಯು ಕಾವೇರಿಯ ದ್ವೀಪದ ಸುತ್ತಲಿನ ಮಕ್ಕಳಿಗೆ ಬಾರದು.